ಅಣ್ಣನಿಗೆ ಆಗಿದ್ದನ್ನು ತನಗೇ ಆಯ್ತು ಅನ್ನುವ ಮಗಳು: ನಂಬಬೇಕೋ, ಬೇಡವೋ?

ಪ್ರಶ್ನೆ: ನಾವು ಹನುಮಂತನಗರದಲ್ಲಿದ್ದೇವೆ. ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು. ನಮ್ಮ ಭಾವನವರ ಮಗ ನಾಲ್ಕು ವರ್ಷದವನಿದ್ದಾಗ ಕಡಲೆಕಾಯಿ ಪರಿಷೆಯ ಜನಜಂಗುಳಿಯಲ್ಲಿ ತಪ್ಪಿಸಿಕೊಂಡಿದ್ದ. ಪೊಲೀಸರೊಬ್ಬರು ಎತ್ತಿಕೊಂಡು ಹೋಗಿ ಮೈಕಿನಲ್ಲಿ ಕೂಗಿಸಿದ ಮೇಲೆ ಸಿಕ್ಕಿದ. ಆಗ ನನ್ನ ಮಗಳು ಇನ್ನೂ ಹುಟ್ಟಿರಲಿಲ್ಲ. ಈಗ ಇವಳು "ನಾನು ಪರಿಷೇಲಿ ಕಳೆದುಹೋಗಿದ್ದೆ, ಪೊಲೀಸ್ ಮಾಮ ಹೆಗಲ ಮೇಲೆ ಕೂರಿಸ್ಕೊಂಡ್ರು, ಕಡ್ಲೆಪುರಿ ಕೊಟ್ರು" ಅಂತ ಎಲ್ಲರ ಹತ್ರಾನೂ ಹೇಳುತ್ತಾಳೆ. ಹೇಳುವಾಗ ಕಣ್ಣಲ್ಲಿ ನೀರು ಬರುತ್ತೆ. ಅವಳ ಅಣ್ಣ "ಅದು ನಂದು!" ಅಂತ ಜಗಳಕ್ಕೆ ಬರುತ್ತಾನೆ. ನಮ್ಮತ್ತೆ "ಈಗಲೇ ಇಷ್ಟು ಸುಳ್ಳು, ಮುಂದೆ ಹೇಗೋ" ಅಂತಾರೆ.

ಹೋದ ತಿಂಗಳು ಸ್ಕೂಲಿಂದ ಬಂದವಳೇ "ವ್ಯಾನ್ ಅಂಕಲ್ ಕಿವಿ ಹಿಂಡಿದ್ರು" ಅಂದಳು. ನಾವು ಗಾಬರಿಯಾಗಿ ಮತ್ತೆ ಮತ್ತೆ ಕೇಳಿದೆವು. ಒಂದು ಸಲ ಕಿವಿ ಅಂದಳು, ಇನ್ನೊಂದು ಸಲ ಕೆನ್ನೆಗೆ ಹೊಡೆದರು ಅಂದಳು, ಕೊನೆಗೆ "ನನಗಲ್ಲ, ಪಕ್ಕದಲ್ಲಿ ಕೂರೋ ಹುಡುಗನಿಗೆ" ಅಂದಳು. ಯಜಮಾನರು "ಇದೂ ಪರಿಷೆ ಕಥೆನೇ" ಅಂತ ಕೈಬಿಟ್ಟರು. ನನಗೆ ಮಾತ್ರ ನಿದ್ದೆ ಬರ್ತಿಲ್ಲ. ಅವಳನ್ನು ನಂಬೋದಾ, ಬೇಡವಾ? ನಿಮ್ಹಾನ್ಸಿಗೆ ತೋರಿಸಬೇಕಾ?

ಉತ್ತರ: ಪರಿಷೆಯ ವಿಷಯದಲ್ಲಿ ನಿಮ್ಮ ಮಗಳು ಸುಳ್ಳು ಹೇಳುತ್ತಿಲ್ಲ. ವ್ಯಾನಿನ ವಿಷಯವನ್ನು ಪರಿಷೆಯ ಲೆಕ್ಕಕ್ಕೆ ಸೇರಿಸಿ ಕೈಬಿಡುವುದೂ ಸರಿಯಲ್ಲ. ನಿಮ್ಮ ಯಜಮಾನರು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದಾರೆ. ಆದರೆ ಮೊದಲ ಮಾತು ಯಾರ ಬಾಯಿಂದ ಬಂತು ಅಂತ ನೋಡಿ. ಪರಿಷೆಯ ಕಥೆ ದೊಡ್ಡವರ ಬಾಯಿಂದ ಅವಳಿಗೆ ಹೋಯಿತು. ವ್ಯಾನಿನ ಮಾತು ಯಾರೂ ಕೇಳದೆ ಅವಳ ಬಾಯಿಂದಲೇ ಬಂತು. ಮಕ್ಕಳ ನೆನಪಿನ ಬಗ್ಗೆ ಕೆಲಸ ಮಾಡುವವರಿಗೆ ಈ ವ್ಯತ್ಯಾಸಕ್ಕಿಂತ ದೊಡ್ಡದು ಇನ್ನೊಂದಿಲ್ಲ.

ಮೊದಲು ಪರಿಷೆಯ ಕಥೆಯನ್ನೇ ನೋಡೋಣ. ಕಾರ್ತಿಕದ ಕೊನೇ ಸೋಮವಾರ ಬಂತೆಂದರೆ ನಿಮ್ಮ ಮನೆಯಲ್ಲಿ ಈ ಕಥೆ ಒಂದು ಸುತ್ತು ಆಗಿಯೇ ಆಗುತ್ತದೆ ಅಲ್ವಾ? ಯಾರ ಕೈ ಯಾರು ಬಿಟ್ಟರು, ಅಜ್ಜಿ ಎಷ್ಟು ಅತ್ತರು, ಮೈಕಿನಲ್ಲಿ ಹೆಸರು ಹೇಗೆ ಕೂಗಿದರು, ಎಲ್ಲ. ನಿಮ್ಮ ಮಗಳು ಅದನ್ನು ಕೂತು ಕೇಳಿದ್ದಾಳೆ. ಅಷ್ಟೇ ಅಲ್ಲ, ಅವಳು ಪರಿಷೆಗೆ ತಾನೇ ಹೋಗಿಯೂ ಇರುತ್ತಾಳೆ. ಬುಲ್ ಟೆಂಪಲ್ ರಸ್ತೆಯ ಉದ್ದಕ್ಕೂ ರಾಶಿ ಹಾಕಿದ ಕಡಲೆಕಾಯಿ, ಸೇರಿನಲ್ಲಿ ಅಳೆದು ಸುರಿಯುವ ಸದ್ದು, ಕಾಲಡಿ ಚಟಚಟ ಅನ್ನುವ ಸಿಪ್ಪೆ, ಪೀಪಿ, ಬಲೂನು, ದೊಡ್ಡವರ ಸೊಂಟದ ಎತ್ತರಕ್ಕೆ ನಿಂತು ನೋಡಿದ ಗುಂಪು, ಬ್ಯಾರಿಕೇಡಿನ ಪಕ್ಕದ ಪೊಲೀಸರು. ಅಮ್ಮನ ಕೈ ಎಲ್ಲಿ ಬಿಟ್ಟುಹೋಗುತ್ತೋ ಅನ್ನುವ ಭಯವೂ ಒಂದು ಕ್ಷಣ ಬಂದಿರಬಹುದು. ಇದೆಲ್ಲ ಅವಳ ಸ್ವಂತ ಅನುಭವ. ಅಂದರೆ ಜಾಗ ಅವಳದು, ಭಯ ಅವಳದು, ಘಟನೆ ಮಾತ್ರ ಅಣ್ಣನದು. ಕೇಳಿದ ಕಥೆಯನ್ನು ಅವಳು ಆ ಜಾಗದಲ್ಲಿ ಕೂರಿಸಿಕೊಂಡಿದ್ದಾಳೆ. ಹೇಳಿದಷ್ಟೂ ಅದು ಗಟ್ಟಿಯಾಗಿದೆ. ಕಣ್ಣೀರು ನಾಟಕವಲ್ಲ.

ನೆನಪು ಹೀಗೇಕೆ ಮಾಡುತ್ತದೆ? ಅಡುಗೆಮನೆಯಲ್ಲಿ ಡಬ್ಬಗಳ ಮೇಲೆ ಚೀಟಿ ಅಂಟಿಸಿರುತ್ತೀರಿ. ಚೀಟಿ ಉದುರಿಹೋದರೂ ಒಳಗಿನ ಪುಡಿ ಹಾಗೇ ಇರುತ್ತದೆ, ಸಾರಿನದೋ ಹುಳಿಯದೋ ಗೊತ್ತಾಗುವುದಿಲ್ಲ. ನೆನಪಿನಲ್ಲೂ ವಿಷಯ ಉಳಿದು, ಅದು ಎಲ್ಲಿಂದ ಬಂತು ಅನ್ನುವ ಚೀಟಿ ಬೇಗ ಉದುರುತ್ತದೆ. ಕಣ್ಣಾರೆ ಕಂಡದ್ದೋ, ಯಾರೋ ಹೇಳಿದ್ದೋ, ತಾನೇ ಕಲ್ಪಿಸಿಕೊಂಡದ್ದೋ ಅಂತ ಮನಸ್ಸು ಆಮೇಲೆ ಅಂದಾಜು ಮಾಡುತ್ತದೆ. ಅಮೆರಿಕದ ಮನೋವಿಜ್ಞಾನಿ ಮಾರ್ಸಿಯಾ ಜಾನ್ಸನ್ ಮತ್ತು ಜೊತೆಯವರು 1980ರ ದಶಕದಿಂದಲೂ ಇದರ ಬಗ್ಗೆ ಸಂಶೋಧನೆ ಮಾಡಿದ್ದಾರೆ. ಚಿತ್ರ ಸ್ಪಷ್ಟವಾಗಿದ್ದರೆ, ಬಣ್ಣ, ವಾಸನೆ, ಸದ್ದು ಜೊತೆಗಿದ್ದರೆ, ಮನಸ್ಸು "ಇದು ನನಗೇ ಆದದ್ದು" ಅನ್ನುವ ಕಡೆ ವಾಲುತ್ತದೆ. ನಿಮ್ಮ ಮಗಳ ಕಥೆಗೆ ಪರಿಷೆಯೇ ಇವೆಲ್ಲವನ್ನೂ ಧಾರಾಳವಾಗಿ ಒದಗಿಸಿದೆ.

ಚಿಕ್ಕ ಮಕ್ಕಳಲ್ಲಿ ಈ ಅಂದಾಜು ಇನ್ನೂ ಕುಂಟುತ್ತಿರುತ್ತದೆ. 1988ರಲ್ಲಿ ಆಲಿಸನ್ ಗಾಪ್ನಿಕ್ ಮತ್ತು ಪೀಟರ್ ಗ್ರಾಫ್ ಒಂದು ಸರಳ ಪರೀಕ್ಷೆ ಮಾಡಿದರು. ಡ್ರಾಯರಿನಲ್ಲಿ ಏನಿದೆ ಅಂತ ಮಕ್ಕಳಿಗೆ ಕೆಲವು ಸಲ ತೆರೆದು ತೋರಿಸಿದರು, ಕೆಲವು ಸಲ ಬಾಯಲ್ಲಿ ಹೇಳಿದರು, ಕೆಲವು ಸಲ ಸುಳಿವು ಕೊಟ್ಟು ಊಹೆ ಮಾಡಿಸಿದರು. ಒಳಗೆ ಏನಿತ್ತು ಅಂದರೆ ಮೂರು ವರ್ಷದ ಮಕ್ಕಳೂ ಸರಿಯಾಗಿ ಹೇಳಿದವು. "ನಿನಗೆ ಹೇಗೆ ಗೊತ್ತಾಯ್ತು? ನೋಡಿದೆಯಾ, ನಾನು ಹೇಳಿದೆನಾ?" ಅಂದರೆ ತಬ್ಬಿಬ್ಬಾದವು. ಐದು ವರ್ಷದವರು ಎಷ್ಟೋ ವಾಸಿ. 1994ರಲ್ಲಿ ಮಾರ್ಜೊರಿ ಟೇಲರ್ ಮತ್ತು ಸಂಗಡಿಗರು ಇದಕ್ಕಿಂತ ತಮಾಷೆಯಾದದ್ದನ್ನು ಕಂಡರು. ನಾಲ್ಕು ವರ್ಷದ ಮಕ್ಕಳಿಗೆ ಹೊಸ ವಿಷಯವೊಂದನ್ನು ಆಗಷ್ಟೇ ಕಲಿಸಿ, ಇದು ನಿನಗೆ ಯಾವಾಗಿಂದ ಗೊತ್ತು ಅಂದರೆ, ಬಹಳಷ್ಟು ಮಕ್ಕಳು ಮೊದಲಿಂದಲೂ ಗೊತ್ತಿತ್ತು ಅಂದವಂತೆ. ಜಂಬವಲ್ಲ ಅದು. ಕಲಿತ ಕ್ಷಣವೇ ಅವರ ನೆನಪಿನಲ್ಲಿ ಉಳಿದಿರಲಿಲ್ಲ.

ಆರು ವರ್ಷಕ್ಕೆ ಡ್ರಾಯರಿನಂಥ ಸಣ್ಣ ಸಂಗತಿಗಳಲ್ಲಿ ಇದು ಸರಿಹೋಗಿರುತ್ತದೆ. ಆದರೆ ಇನ್ನೂ ಚಿಕ್ಕವಳಿದ್ದಾಗಿನಿಂದ ಕೇಳಿ ಕೇಳಿ ಮೈಗೂಡಿದ ಕಥೆಯ ವಿಷಯದಲ್ಲಿ ದೊಡ್ಡವರೇ ಸೋಲುತ್ತಾರೆ.

ಇದಕ್ಕೆ ಸಾಕ್ಷಿ ಮಕ್ಕಳ ಮನೋವಿಜ್ಞಾನದ ದೊಡ್ಡ ಹೆಸರು, ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ. ತಾನು ಎರಡು ವರ್ಷದ ಮಗುವಾಗಿದ್ದಾಗ ಪ್ಯಾರಿಸ್ಸಿನ ಶಾಂಜ್ ಎಲಿಜೆ ಬೀದಿಯಲ್ಲಿ ಯಾರೋ ತನ್ನನ್ನು ಕದ್ದೊಯ್ಯಲು ಬಂದದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ತಳ್ಳುಗಾಡಿಯಲ್ಲಿ ತಾನು ಕೂತಿದ್ದು, ದಾದಿ ಅಡ್ಡ ನಿಂತದ್ದು, ಅವಳ ಮುಖದ ಮೇಲಿನ ಗೀರು, ಪೊಲೀಸನೊಬ್ಬ ಬಂದದ್ದು, ಎಲ್ಲ ಕಣ್ಣಿಗೆ ಕಟ್ಟಿದಂತೆ. ಅವರಿಗೆ ಸುಮಾರು ಹದಿನೈದು ವರ್ಷವಾದಾಗ ಆ ದಾದಿ ಅಪ್ಪ ಅಮ್ಮನಿಗೆ ಕಾಗದ ಬರೆದಳು. ಅದೆಲ್ಲ ತಾನೇ ಕಟ್ಟಿದ ಕಥೆ, ಗೀರು ತಾನೇ ಮಾಡಿಕೊಂಡದ್ದು ಅಂತ ಒಪ್ಪಿಕೊಂಡು, ಇನಾಮಾಗಿ ಕೊಟ್ಟಿದ್ದ ವಾಚನ್ನೂ ವಾಪಸ್ ಕಳಿಸಿದಳು. ಮನೆಯವರು ಹೇಳುತ್ತಿದ್ದ ಕಥೆಯನ್ನು ಕೇಳಿ ಕೇಳಿ ಪಿಯಾಜೆ ಅದನ್ನು ನೆನಪು ಮಾಡಿಕೊಂಡಿದ್ದರು. ಪೊಲೀಸರು ಅವರ ಕಥೆಯಲ್ಲೂ ಇದ್ದಾರೆ, ನಿಮ್ಮ ಮಗಳ ಕಥೆಯಲ್ಲೂ ಇದ್ದಾರೆ!

ಇನ್ನು "ಅದು ನಂದು" ಜಗಳ. ಮರ್ಸಿಡಿಸ್ ಶೀನ್, ಸೈಮನ್ ಕೆಂಪ್ ಮತ್ತು ಡೇವಿಡ್ ರೂಬಿನ್ 2001ರಲ್ಲಿ ಅವಳಿ ಜವಳಿಗಳನ್ನು ಕೂರಿಸಿಕೊಂಡು ಹಳೆಯ ನೆನಪುಗಳನ್ನು ಕೇಳಿದರು. ಎಲ್ಲ ವಯಸ್ಕರೇ. ಸೈಕಲ್ಲಿಂದ ಬಿದ್ದದ್ದು ನಾನು ಅಂತ ಇಬ್ಬರೂ, ಓಟದಲ್ಲಿ ಗೆದ್ದದ್ದು ನಾನು ಅಂತ ಇಬ್ಬರೂ, ಇಂಥ ತಕರಾರುಗಳು ರಾಶಿ ಬಿದ್ದವು. ಇಬ್ಬರಲ್ಲಿ ಒಬ್ಬರದು ತಪ್ಪಿರಲೇಬೇಕು. ಆದರೆ ಇಬ್ಬರಿಗೂ ಅಷ್ಟೇ ನಂಬಿಕೆ. ಅವಳಿಗಳಲ್ಲದ ಒಡಹುಟ್ಟಿದವರಲ್ಲೂ ಇದು ಸಿಕ್ಕಿತು, ಸ್ವಲ್ಪ ಕಡಿಮೆ. ನಿಮ್ಮ ಮನೆಯ ಜಗಳಕ್ಕೆ ಒಳ್ಳೆಯ ಕಂಪನಿ ಇದೆ ಅನ್ನಿ.

ಅತ್ತೆಯವರು ಒಪ್ಪದಿದ್ದರೆ ಒಂದು ಆಟ ಆಡಿಸಿ. ಪುನೀತ್ ರಾಜ್‌ಕುಮಾರ್ ತೀರಿಕೊಂಡ ಸುದ್ದಿ ಬಂದಾಗ, ಅಂದರೆ 2021ರ ಅಕ್ಟೋಬರ್ 29ರಂದು, ಯಾರು ಎಲ್ಲಿದ್ದರು, ಯಾರು ಮೊದಲು ಹೇಳಿದರು, ಆ ಹೊತ್ತಿಗೆ ಮನೆಯಲ್ಲಿ ಯಾರ್ಯಾರಿದ್ದರು ಅಂತ ಎಲ್ಲರೂ ಬೇರೆ ಬೇರೆ ಚೀಟಿಯಲ್ಲಿ ಬರೆಯಲಿ. ಆಮೇಲೆ ಹೋಲಿಸಿ. ಬೆಂಗಳೂರಿನಲ್ಲಿ ಆ ದಿನ ಮರೆತೆ ಅನ್ನುವವರು ಸಿಗಲಾರರು. ಆದರೂ ಚೀಟಿಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಆಶ್ಚರ್ಯಪಡಬೇಡಿ. ಅಮೆರಿಕದಲ್ಲಿ 1986ರ ಜನವರಿಯಲ್ಲಿ ಚಾಲೆಂಜರ್ ಬಾಹ್ಯಾಕಾಶ ನೌಕೆ ಸ್ಫೋಟವಾದ ಮಾರನೇ ದಿನವೇ ಉಲ್ರಿಕ್ ನೈಸರ್ ತಮ್ಮ ವಿದ್ಯಾರ್ಥಿಗಳಿಂದ ಇದನ್ನೇ ಬರೆಸಿಟ್ಟುಕೊಂಡಿದ್ದರು. ಎರಡು ಮೂರು ವರ್ಷ ಬಿಟ್ಟು ನಿಕೋಲ್ ಹಾರ್ಷ್ ಜೊತೆ ಸೇರಿ 44 ಜನರನ್ನು ಮತ್ತೆ ಕೇಳಿದರು. ಏಳಕ್ಕೆ ಸರಾಸರಿ ಮೂರು ಅಂಕವೂ ಬರಲಿಲ್ಲ. ನಾಲ್ಕರಲ್ಲಿ ಒಬ್ಬರದು ಪೂರ್ತಿ ಬೇರೆಯದೇ ಕಥೆ. ಅವರ ಧೈರ್ಯಕ್ಕೇನೂ ಕಮ್ಮಿ ಇರಲಿಲ್ಲ. ತಮ್ಮದೇ ಕೈಬರಹ ತೋರಿಸಿದರೂ ಹಳೆಯ ನೆನಪು ವಾಪಸ್ ಬರಲಿಲ್ಲ. ಇವರು ಯಾರೂ ಆರು ವರ್ಷದ ಮಕ್ಕಳಲ್ಲ, ಕಾಲೇಜು ಹುಡುಗರು.

ಹಾಗಾದರೆ ಮಕ್ಕಳು ಸುಳ್ಳೇ ಹೇಳುವುದಿಲ್ಲವೇ? ಹೇಳುತ್ತಾರೆ, ಚೆನ್ನಾಗಿಯೇ ಹೇಳುತ್ತಾರೆ. ಆದರೆ ಸುಳ್ಳಿಗೆ ಒಂದು ಬಂಡವಾಳ ಬೇಕು. ನನಗೆ ಗೊತ್ತಿರುವುದು ಎದುರಿನವರಿಗೆ ಗೊತ್ತಿಲ್ಲ ಅನ್ನುವ ತಿಳಿವಳಿಕೆ. ಹೈಂಜ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ 1983ರಲ್ಲಿ ಮಾಡಿದ ಪ್ರಯೋಗದಲ್ಲಿ ಮ್ಯಾಕ್ಸಿ ಅನ್ನುವ ಹುಡುಗ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಆಟಕ್ಕೆ ಹೋಗುತ್ತಾನೆ, ಅಮ್ಮ ಅದನ್ನು ಇನ್ನೊಂದಕ್ಕೆ ಬದಲಾಯಿಸುತ್ತಾಳೆ. ವಾಪಸ್ ಬಂದವನು ಎಲ್ಲಿ ಹುಡುಕುತ್ತಾನೆ? ಮೂರರ ಮಕ್ಕಳು ಈಗ ಚಾಕೊಲೇಟ್ ಇರುವ ಕಪಾಟನ್ನೇ ತೋರಿಸುತ್ತವೆ. ನಾಲ್ಕೈದು ದಾಟುತ್ತಿದ್ದಂತೆ "ಪಾಪ, ಅವನಿಗೆ ಗೊತ್ತಿಲ್ವಲ್ಲ" ಅನ್ನುವುದು ಹೊಳೆಯುತ್ತದೆ. ಇದು ಹೊಳೆದ ಮಗುವಿಗೆ ಸುಳ್ಳು ಹೇಳುವುದೂ ಬರುತ್ತದೆ. ಬೆಳವಣಿಗೆ ಸರಿ ಇದೆ ಅನ್ನುವುದಕ್ಕೆ ಅದೂ ಒಂದು ಗುರುತು. ನಿಮ್ಮ ಮಗಳಿಗೆ ಈ ತಿಳಿವಳಿಕೆ ಬಂದಿರುವ ವಯಸ್ಸು. ಆದ್ದರಿಂದಲೇ ಕೇಳುತ್ತೇನೆ: ಸುಳ್ಳು ಹೇಳುವವಳಾಗಿದ್ದರೆ, ನಿಜ ಗೊತ್ತಿರುವ ಅಜ್ಜಿ ಮತ್ತು ಅಣ್ಣನ ಎದುರಿಗೇ ಕೂತು ಹೇಳುತ್ತಿದ್ದಳೇ?

"ಮುಖ ನೋಡಿದರೆ ಗೊತ್ತಾಗುತ್ತೆ" ಅನ್ನುವ ಮಾತನ್ನೂ ನಂಬಬೇಡಿ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ 2006ರಲ್ಲಿ ನೂರಾರು ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಸುಳ್ಳು ಯಾವುದು, ನಿಜ ಯಾವುದು ಅಂತ ಜನ ಸರಿಯಾಗಿ ಹೇಳಿದ್ದು ನೂರಕ್ಕೆ 54 ಸಲ. ನಾಣ್ಯ ಚಿಮ್ಮಿದ್ದರೂ 50 ಬರುತ್ತಿತ್ತು.

ಈಗ ವ್ಯಾನಿನ ವಿಷಯ. ನಾನು ಜಾಸ್ತಿ ಹೇಳಬೇಕಾಗಿರುವುದು ಇಲ್ಲಿ.

ನಿಮ್ಮ ಪತ್ರದಲ್ಲಿ ಒಂದು ಸಾಲು ನನಗೆ ಬಹಳ ಮುಖ್ಯ ಅನ್ನಿಸಿತು: "ಸ್ಕೂಲಿಂದ ಬಂದವಳೇ". ಯಾರೂ ಕೇಳಿರಲಿಲ್ಲ. ಮನೆಯಲ್ಲಿ ಯಾರೂ ವ್ಯಾನ್ ಅಂಕಲ್ ಬಗ್ಗೆ ಮೊದಲೇ ಮಾತಾಡಿರಲಿಲ್ಲ ಅಂದುಕೊಳ್ಳುತ್ತೇನೆ. ಅವಳಾಗಿ, ಅವಳ ಮಾತಿನಲ್ಲಿ, ಅವತ್ತೇ ಹೇಳಿದಳು. ಮಕ್ಕಳಿಂದ ಸಿಗುವ ಮಾಹಿತಿಯಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಇಲ್ಲ. ಅದಾದ ಮೇಲೆ ಅವಳು ಹೇಳಿದ್ದೆಲ್ಲ ಕಲಸಿಹೋಗಿದೆ. ಕಲಸಿದ್ದು ಅವಳಲ್ಲ, ಪ್ರಶ್ನೆಗಳು. ನಿಮ್ಮನ್ನು ಬೈಯುತ್ತಿಲ್ಲ. ಮಗು ಹಾಗೆ ಹೇಳಿದರೆ ಯಾವ ತಾಯಿ ಸುಮ್ನೆ ಕೂರುತ್ತಾಳೆ?

ಅವತ್ತು ಸಂಜೆ ಮನೆಯಲ್ಲಿ ನಡೆದಿರಬಹುದಾದ್ದನ್ನು ನಾನು ಊಹಿಸಿಕೊಳ್ಳಬಲ್ಲೆ. "ಎಲ್ಲಿ ಹಿಂಡಿದ್ರು, ತೋರಿಸು. ಜೋರಾಗಿ ಹಿಂಡಿದ್ರಾ? ಹೊಡೆದ್ರಾ? ಕೆನ್ನೆಗಾ, ಬೆನ್ನಿಗಾ? ನಿಜ ಹೇಳು, ನಿಜವಾಗ್ಲೂ ಹೊಡೆದ್ರಾ? ಬೇರೆಯವರಿಗೂ ಹೊಡೀತಾರಾ?" ಒಂದೊಂದು ಪ್ರಶ್ನೆಯೂ ಮಗುವಿನ ಕೈಗೆ ಏನನ್ನೋ ಕೊಡುತ್ತಿದೆ ನೋಡಿ. ಅವಳು ಹೇಳಿದ್ದು ಕಿವಿ. ಕೆನ್ನೆ ಬಂದದ್ದು ಎಲ್ಲಿಂದ? ಪಕ್ಕದ ಹುಡುಗ ಬಂದದ್ದು ಎಲ್ಲಿಂದ? "ನಿಜ ಹೇಳು" ಅಂದಾಗ ಮಗುವಿಗೆ ಕೇಳಿಸುವುದು "ನೀನು ಹೇಳಿದ್ದು ತಪ್ಪು" ಅಂತ. ಕ್ಲಾಸಿನಲ್ಲಿ ಮಿಸ್ ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳುವುದು ಉತ್ತರ ತಪ್ಪಾದಾಗ ಮಾತ್ರ. ಆ ಪಾಠ ಒಂದನೇ ಕ್ಲಾಸಿನವರಿಗೆ ಚೆನ್ನಾಗಿ ಗೊತ್ತು. 1991ರಲ್ಲಿ ಡೆಬ್ರಾ ಪೂಲ್ ಮತ್ತು ಲಾರೆನ್ಸ್ ವೈಟ್ ಕಂಡದ್ದೂ ಇದನ್ನೇ. ಹೌದು, ಇಲ್ಲ ಅಂತ ಉತ್ತರಿಸುವ ಪ್ರಶ್ನೆಯನ್ನು ತಿರುಗಿ ತಿರುಗಿ ಕೇಳಿದಾಗ ನಾಲ್ಕು ವರ್ಷದ ಮಕ್ಕಳು ಉತ್ತರ ಬದಲಾಯಿಸಿದವು. "ಏನಾಯ್ತು ಹೇಳು" ಅನ್ನುವ ಥರದ ಪ್ರಶ್ನೆಯನ್ನು ಎಷ್ಟು ಸಲ ಕೇಳಿದರೂ ಅಷ್ಟು ಏರುಪೇರಾಗಲಿಲ್ಲ.

ಈ ವಿಷಯದಲ್ಲಿ ಜಗತ್ತಿಗೆ ಬುದ್ಧಿ ಬಂದದ್ದು ದೊಡ್ಡ ಬೆಲೆ ತೆತ್ತ ಮೇಲೆ. 1983ರಲ್ಲಿ ಕ್ಯಾಲಿಫೋರ್ನಿಯಾದ ಮೆಕ್‌ಮಾರ್ಟಿನ್ ಅನ್ನುವ ನರ್ಸರಿ ಶಾಲೆಯ ಮೇಲೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಆರೋಪ ಬಂತು. ನೂರಾರು ಮಕ್ಕಳನ್ನು ಪ್ರಶ್ನಿಸಿದರು. ಬೇರೆ ಮಕ್ಕಳೆಲ್ಲ ಹೇಳಿಬಿಟ್ಟಿದ್ದಾರೆ ಅನ್ನುವುದು, ಹೌದು ಅಂದರೆ ಜಾಣ ಅನ್ನುವುದು, ಇಲ್ಲ ಅಂದರೆ ಮುಖ ಗಂಟಿಕ್ಕುವುದು, ಸುಮ್ನೆ ಹಾಗಂದುಕೊಂಡು ಹೇಳು ಅನ್ನುವುದು, ಎಲ್ಲ ನಡೆಯಿತು. ಕೊನೆಕೊನೆಗೆ ಮಕ್ಕಳ ಬಾಯಲ್ಲಿ ಶಾಲೆಯ ಕೆಳಗಿನ ಸುರಂಗಗಳೂ ಬಂದವು. ವರ್ಷಗಟ್ಟಲೆ ನಡೆದ ಕೇಸು 1990ರಲ್ಲಿ ಯಾರಿಗೂ ಶಿಕ್ಷೆಯಾಗದೆ ಮುಗಿಯಿತು. ಆ ಮಕ್ಕಳಲ್ಲಿ ಯಾರಿಗಾದರೂ ನಿಜವಾಗಿ ಏನಾದರೂ ಆಗಿದ್ದರೂ ಅದನ್ನು ಪತ್ತೆ ಹಚ್ಚುವ ದಾರಿಯನ್ನು ಆ ಪ್ರಶ್ನೆಗಳೇ ಮುಚ್ಚಿಹಾಕಿದ್ದವು.

ಆ ವಿಧಾನಗಳನ್ನೇ 1998ರಲ್ಲಿ ಸೆನಾ ಗಾರ್ವೆನ್ ಮತ್ತು ಸಂಗಡಿಗರು ಪರೀಕ್ಷೆಗೆ ಒಡ್ಡಿದರು. ಮ್ಯಾನಿ ಅನ್ನುವವನೊಬ್ಬ ಬಂದು 3ರಿಂದ 6 ವರ್ಷದ ಮಕ್ಕಳಿಗೆ ಕಥೆ ಹೇಳಿ, ತಿಂಡಿ ಕೊಟ್ಟು ಹೋದ. ಒಂದು ವಾರದ ನಂತರ ಅವನು ಮಾಡದ ಕೆಲಸಗಳ ಬಗ್ಗೆ ಕೇಳಿದರು. ಬರೀ ಸೂಚನೆ ಕೊಡುವ ಪ್ರಶ್ನೆ ಕೇಳಿದ ಮಕ್ಕಳಲ್ಲಿ ತಪ್ಪು ಉತ್ತರ ನೂರಕ್ಕೆ 17. ಅದರ ಜೊತೆ ಹೊಗಳಿಕೆ, ಮುನಿಸು, "ನಿನ್ನ ಫ್ರೆಂಡೂ ಹೇಳಿದ್ಲು" ಎಲ್ಲ ಸೇರಿಸಿದಾಗ 58. ಇದಕ್ಕೆ ಬೇಕಾದದ್ದು ಐದು ನಿಮಿಷವೂ ಇಲ್ಲ.

ಸ್ಟೀಫನ್ ಸೆಸಿ ಅವರ ತಂಡ 1990ರ ದಶಕದಲ್ಲಿ ಮಾಡಿದ ಇಲಿಬೋನಿನ ಪ್ರಯೋಗವಂತೂ ಈ ಕ್ಷೇತ್ರದಲ್ಲಿರುವವರೆಲ್ಲ ಉದಾಹರಿಸುವಂಥದ್ದು. ನರ್ಸರಿ ಮಕ್ಕಳನ್ನು ವಾರ ವಾರ ಕೂರಿಸಿಕೊಂಡು, ಎಂದೂ ನಡೆಯದ ಘಟನೆಯ ಬಗ್ಗೆ, ಇಲಿಬೋನಿಗೆ ಬೆರಳು ಸಿಕ್ಕಿ ಆಸ್ಪತ್ರೆಗೆ ಹೋಗಿದ್ದೆಯಾ, ಚೆನ್ನಾಗಿ ಯೋಚನೆ ಮಾಡು ಅಂತ ಕೇಳುತ್ತಿದ್ದರು. ಬೈಯಲಿಲ್ಲ, ಒತ್ತಾಯ ಮಾಡಲಿಲ್ಲ. ಹತ್ತು ವಾರ ಕಳೆಯುವ ಹೊತ್ತಿಗೆ ನೂರಕ್ಕೆ 58 ಮಕ್ಕಳು ಕಡೇ ಪಕ್ಷ ಒಂದು ಸುಳ್ಳು ಘಟನೆಗೆ ಕಥೆ ಕಟ್ಟಿದ್ದರು. ಒಬ್ಬ ಹುಡುಗನ ಕಥೆಯಲ್ಲಿ ಅಣ್ಣ ಆಟದ ಸಾಮಾನು ಕಿತ್ತುಕೊಳ್ಳಲು ಬಂದು ಇವನನ್ನು ಸೌದೆ ರಾಶಿಗೆ ತಳ್ಳುತ್ತಾನೆ, ಅಲ್ಲಿದ್ದ ಬೋನಿಗೆ ಬೆರಳು ಸಿಗುತ್ತದೆ, ಆಸ್ಪತ್ರೆ ದೂರ ಅಂತ ಮನೆಯವರೆಲ್ಲ ವ್ಯಾನಿನಲ್ಲಿ ಹೋಗುತ್ತಾರೆ, ಡಾಕ್ಟರು ಬ್ಯಾಂಡೇಜು ಕಟ್ಟುತ್ತಾರೆ. ಯಾವ ಬೆರಳು ಅಂತಲೂ ಹುಡುಗ ತೋರಿಸುತ್ತಾನೆ. "ಇಷ್ಟೊಂದು ವಿವರ ಇದೆ ಅಂದರೆ ನಿಜಾನೇ ಇರಬೇಕು" ಅನ್ನುವವರಿಗೆ ನಾನು ಈ ಬೆರಳನ್ನು ನೆನಪಿಸುತ್ತೇನೆ.

ಇಷ್ಟು ಓದಿ ನಿಮ್ಮ ಯಜಮಾನರು "ನೋಡಿದ್ಯಾ, ನಾನು ಹೇಳಿದ್ದೇ ಸರಿ" ಅನ್ನಬಹುದು. ಸ್ವಲ್ಪ ತಡೆಯಿರಿ. ಇದೇ ಸಂಶೋಧನೆಗೆ ಇನ್ನೊಂದು ಮುಖ ಇದೆ. ಜನ ಅದನ್ನು ಮರೆತುಬಿಡುತ್ತಾರೆ.

1995ರಲ್ಲಿ ಮಿಷೆಲ್ ಲೀಟ್‌ಮನ್ ಮತ್ತು ಸೆಸಿ ಅವರು ಸ್ಯಾಮ್ ಸ್ಟೋನ್ ಅನ್ನುವ ವ್ಯಕ್ತಿಯನ್ನು ಮಕ್ಕಳ ಶಾಲೆಗೆ ಎರಡು ನಿಮಿಷ ಕಳಿಸಿದರು. ಅವನು ಬಂದ, ಓಡಾಡಿದ, ಕೈಬೀಸಿ ಹೋದ. ಪುಸ್ತಕ ಹರಿಯಲಿಲ್ಲ, ಗೊಂಬೆ ಕೊಳೆ ಮಾಡಲಿಲ್ಲ. ಅವನು ಬರುವ ಮೊದಲೇ "ಸ್ಯಾಮ್ ಎಡವಟ್ಟು ಮನುಷ್ಯ" ಅಂತ ಕಥೆ ಹೇಳಿ, ಹೋದ ಮೇಲೆ ಸೂಚನೆ ತುಂಬಿದ ಪ್ರಶ್ನೆಗಳನ್ನು ಕೇಳಿದ ಗುಂಪಿನಲ್ಲಿ ಮೂರು ನಾಲ್ಕು ವರ್ಷದ ಮಕ್ಕಳಲ್ಲಿ ನೂರಕ್ಕೆ 72 ಅವನ ಮೇಲೆ ತಪ್ಪು ಹೊರಿಸಿದವು. ಏನೂ ತಲೆಗೆ ತುಂಬದೆ ಕೇಳಿದ ಗುಂಪಿನಲ್ಲಿ, ಪುಸ್ತಕಕ್ಕೆ ಗೊಂಬೆಗೆ ಏನಾದರೂ ಮಾಡಿದನಾ ಅಂತ ನೇರವಾಗಿ ಕೇಳಿದಾಗಲೂ, ಅದೇ ವಯಸ್ಸಿನವರಲ್ಲಿ ಹೌದು ಅಂದವರು ಸುಮಾರು 10. ಐದಾರು ವರ್ಷದವರು ಇನ್ನೂ ಗಟ್ಟಿ. ಅಂದರೆ ದೊಡ್ಡವರು ಕೈಯಾಡಿಸದೇ ಇದ್ದರೆ ಮಕ್ಕಳು ಒಳ್ಳೆಯ ಸಾಕ್ಷಿಗಳೇ.

ಇನ್ನೂ ಒಂದು ಮಾತು. ಮಕ್ಕಳು ಇಲ್ಲದ್ದನ್ನು ಸೇರಿಸುವುದಕ್ಕಿಂತ ಇದ್ದದ್ದನ್ನು ಬಾಯಿ ಬಿಡದಿರುವುದೇ ಜಾಸ್ತಿ. ಕ್ಯಾರನ್ ಸೇವಿಟ್ಜ್ ಮತ್ತು ಗೇಲ್ ಗುಡ್‌ಮನ್ ಅವರ ತಂಡ 1991ರಲ್ಲಿ 5 ಮತ್ತು 7 ವರ್ಷದ ಹೆಣ್ಣುಮಕ್ಕಳನ್ನು, ಡಾಕ್ಟರ ತಪಾಸಣೆ ಮುಗಿದ ಮೇಲೆ ಮಾತಾಡಿಸಿತು. ಗುಪ್ತಾಂಗದ ತಪಾಸಣೆಯೂ ಆಗಿದ್ದ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ತಾವಾಗಿ ಹೇಳಲೇ ಇಲ್ಲ. ಆಗದೇ ಇದ್ದವರಲ್ಲಿ ಆಯಿತು ಅಂದವರು ತೀರಾ ಕಮ್ಮಿ. ಹಾಗಾಗಿ ಮಗು ಒಂದು ಸಲ ಹೇಳಿ, ಆಮೇಲೆ "ನನಗಲ್ಲ" ಅಂತ ಹಿಂದೆ ಸರಿದರೆ ಮೊದಲನೆಯದು ಸುಳ್ಳು ಅಂತ ಅರ್ಥವಲ್ಲ. ಅಮ್ಮನ ಮುಖ ನೋಡಿ ಭಯವಾಗಿರಬಹುದು. ಈ ವಿಚಾರಣೆ ಮುಗಿದರೆ ಸಾಕು ಅನ್ನಿಸಿರಬಹುದು. ನಿಜವಾಗಿಯೂ ಪಕ್ಕದ ಹುಡುಗನ ಕಿವಿ ಹಿಂಡಿದ್ದನ್ನು ನೋಡಿ ಹೆದರಿದ್ದೂ ಇರಬಹುದು. ಕಿವಿ ಹಿಂಡಿಸಿಕೊಂಡವನು ಆ ಹುಡುಗನೇ ಆಗಿದ್ದರೂ ನೀವು ವಿಚಾರಿಸಲೇಬೇಕು.

ಈಗ ಮಾಡಬೇಕಾದ್ದು. ಮೊದಲು ಅವಳು ಅವತ್ತು ಹೇಳಿದ ಮಾತನ್ನು ಅವಳದೇ ಪದಗಳಲ್ಲಿ, ತಾರೀಖು ಹಾಕಿ ಬರೆದಿಡಿ. ಅದಕ್ಕೂ ಮುಂಚೆ ಏನು ಮಾತು ನಡೆದಿತ್ತು ಅನ್ನುವುದನ್ನೂ ಬರೆಯಿರಿ. ಇನ್ನು ಮೇಲೆ ಮನೆಯಲ್ಲಿ ಈ ವಿಷಯ ಕೇಳುವವರು ಒಬ್ಬರೇ ಆಗಿರಲಿ. ಅಜ್ಜಿ ಒಂದು ಕಡೆ, ದೊಡ್ಡಮ್ಮ ಇನ್ನೊಂದು ಕಡೆ ಕೇಳುವುದು ನಿಲ್ಲಲಿ. ಅವಳ ಎದುರು ಫೋನಿನಲ್ಲಿ ಯಾರಿಗೋ ಈ ಕಥೆ ಹೇಳುವುದೂ ಬೇಡ. ಮಕ್ಕಳ ಕಿವಿ ಎಷ್ಟು ಚುರುಕು ಅಂತ ಪರಿಷೆಯ ಕಥೆಯೇ ತೋರಿಸಿದೆಯಲ್ಲ!

ಕೆಲವು ದಿನ ಬಿಟ್ಟು, ಇಬ್ಬರೇ ಇರುವಾಗ, ತಲೆ ಬಾಚುತ್ತಲೋ ಅವರೆಕಾಯಿ ಸುಲಿಯುತ್ತಲೋ ಮಾತಿಗೆ ಎಳೆಯಿರಿ. ನೇರ ವಿಷಯಕ್ಕೆ ಹೋಗಬೇಡಿ. ಮೈಕಲ್ ಲ್ಯಾಂಬ್ ಮತ್ತು ಸಂಗಡಿಗರು ತನಿಖಾಧಿಕಾರಿಗಳಿಗಾಗಿ ರೂಪಿಸಿದ ವಿಧಾನದಲ್ಲೂ ಮೊದಲು ಹುಟ್ಟುಹಬ್ಬದಂಥ ಸುಲಭದ ಸಂಗತಿಯನ್ನು ಮಗುವಿನಿಂದ ಉದ್ದಕ್ಕೆ ಹೇಳಿಸುತ್ತಾರೆ. ಕಥೆ ಹೇಳುವವಳು ನೀನು, ನನಗೇನೂ ಗೊತ್ತಿಲ್ಲ ಅನ್ನುವುದು ಮಗುವಿಗೆ ರೂಢಿಯಾಗಲಿ ಅಂತ. ಆಮೇಲೆ "ವ್ಯಾನಲ್ಲಿ ಹೋಗೋದು ಬರೋದು ಹೇಗಿರುತ್ತೆ, ಹತ್ತಿದಾಗಿಂದ ಹೇಳು ಪುಟ್ಟಿ" ಅನ್ನಿ. ಅವಳು ನಿಲ್ಲಿಸಿದ ಕಡೆ "ಹೂಂ, ಆಮೇಲೆ?" ಅಷ್ಟೇ. "ಕಿವಿ ಹಿಂಡಿದ್ರು ಅಂದ್ಯಲ್ಲ, ಅದರ ಬಗ್ಗೆ ಇನ್ನೂ ಹೇಳು" ಅನ್ನಬಹುದು, ಅವಳೇ ಹೇಳಿದ ಮಾತಲ್ವಾ ಅದು. ಅವಳು ಹೇಳದ ಅಂಗ, ಹೇಳದ ಹೆಸರು, ಹೇಳದ ಕೆಲಸ ನಿಮ್ಮ ಬಾಯಿಂದ ಬರಬಾರದು. "ಗೊತ್ತಿಲ್ಲ ಅಂದ್ರೂ ಪರವಾಗಿಲ್ಲ, ನಾನು ತಪ್ಪು ಹೇಳಿದ್ರೆ ತಿದ್ದು" ಅಂತ ಮೊದಲೇ ಹೇಳಿಬಿಡಿ. ಮಧ್ಯೆ ಸುಮ್ಮನಾದರೆ ನೀವೂ ಸುಮ್ಮನಿರಿ. ಇದೇ ಎಲ್ಲಕ್ಕಿಂತ ಕಷ್ಟ. ಹೇಳಿ ಮುಗಿಸಿದ ಮೇಲೆ "ಹೇಳಿದ್ದು ಒಳ್ಳೇದಾಯ್ತು" ಅನ್ನಿ, "ಅಯ್ಯೋ ಪಾಪಿ" ಅಂತ ಎದೆ ಬಡಿದುಕೊಳ್ಳಬೇಡಿ. ಮತ್ತೆ ಕೇಳುವುದು ಬೇಡ.

ಉಳಿದದ್ದನ್ನು ಮಗುವಿನ ಬಾಯಿಂದ ಹೊರಡಿಸುವ ಬದಲು ಹೊರಗಡೆ ವಿಚಾರಿಸಿ. ಅದೇ ವ್ಯಾನಿನಲ್ಲಿ ಹೋಗುವ ಮಕ್ಕಳ ತಾಯಂದಿರನ್ನು ಮಾತಾಡಿಸಿ. ಆದರೆ ವಾಟ್ಸ್ಯಾಪ್ ಗ್ರೂಪಿನಲ್ಲಿ "ವ್ಯಾನ್ ಅಂಕಲ್ ನಿಮ್ಮ ಮಗೂಗೂ ಹೊಡೆದ್ರಾ?" ಅಂತ ಹಾಕಬೇಡಿ. ರಾತ್ರಿ ಊಟದ ಹೊತ್ತಿಗೆ ಎಲ್ಲ ಮನೆಯಲ್ಲೂ ಅದೇ ಪ್ರಶ್ನೆ ಕೇಳಲಾಗಿರುತ್ತದೆ, ಬೆಳಿಗ್ಗೆ ಯಾರ ಉತ್ತರಕ್ಕೂ ಬೆಲೆ ಇರುವುದಿಲ್ಲ. ಒಬ್ಬೊಬ್ಬರನ್ನೇ, "ವ್ಯಾನು ಹೇಗಿದೆ, ಮಗು ಏನನ್ನುತ್ತೆ" ಅಂತ ಕೇಳಿದರೆ ಸಾಕು. ಸ್ಕೂಲಿನಲ್ಲಿ ವ್ಯಾನಿನ ವ್ಯವಸ್ಥೆ ನೋಡಿಕೊಳ್ಳುವವರಿಗೆ ಬರವಣಿಗೆಯಲ್ಲಿ ತಿಳಿಸಿ, ವ್ಯಾನಿನಲ್ಲಿ ಕ್ಯಾಮೆರಾ ಇದ್ದರೆ ಆ ದಿನದ್ದನ್ನು ಉಳಿಸಿಡಲು ಹೇಳಿ. ಡ್ರೈವರನ್ನು ಮಗುವಿನ ಎದುರು ನಿಲ್ಲಿಸಿ "ಹೇಳು, ಇವರೇನಾ?" ಅನ್ನುವುದು ಮಾತ್ರ ಯಾವ ಕಾರಣಕ್ಕೂ ಬೇಡ. ವಿಷಯ ಬಗೆಹರಿಯುವವರೆಗೆ ಸಾಧ್ಯವಾದರೆ ನೀವೇ ಬಿಟ್ಟು ಕರೆತನ್ನಿ.

ನಾಳೆ ಅವಳ ಮಾತಿನಲ್ಲಿ ಮುಟ್ಟಬಾರದ ಕಡೆ ಮುಟ್ಟಿದ ಸಂಗತಿ ಏನಾದರೂ ಬಂದರೆ ಅಲ್ಲಿಗೆ ನಿಮ್ಮ ವಿಚಾರಣೆ ನಿಲ್ಲಬೇಕು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸುವ ಜಾಗದಲ್ಲಿ, ಆದಷ್ಟೂ ಮಹಿಳಾ ಅಧಿಕಾರಿಯೇ, ಯೂನಿಫಾರ್ಮ್ ಇಲ್ಲದೆ ದಾಖಲಿಸಬೇಕು. ಸಾಕ್ಷಿ ಹೇಳಲು ಮಗುವನ್ನು ಪದೇ ಪದೇ ಕೋರ್ಟಿಗೆ ಕರೆಸಬಾರದು. ಮೇಲೆ ಹೇಳಿದ್ದೆಲ್ಲ ಓದಿದ ಮೇಲೆ ಈ ನಿಯಮಗಳು ಯಾಕೆ ಬೇಕು ಅಂತ ನಿಮಗೇ ಗೊತ್ತಾಗುತ್ತದೆ.

ಪರಿಷೆಯ ಕಥೆಗೆ ಏನು ಮಾಡುವುದು? ಗೇಲಿ ಬೇಡ, ಗದರುವುದು ಬೇಡ. ಒಂದು ಸಲ ನಿಧಾನವಾಗಿ "ಅದು ಅಣ್ಣನಿಗೆ ಆಗಿದ್ದು ಕಂದಾ, ಆಗ ನೀನು ಹುಟ್ಟಿರಲಿಲ್ಲ. ನಾವು ಎಷ್ಟು ಸಲ ಹೇಳಿದೀವಲ್ವಾ, ಅದಕ್ಕೇ ನಿನಗೆ ಕಣ್ಣಿಗೆ ಕಟ್ಟಿದ ಹಾಗಿದೆ" ಅನ್ನಿ. ಅವಳು ಒಪ್ಪದಿದ್ದರೆ ಬಿಟ್ಟುಬಿಡಿ. ದಾದಿಯ ಕಾಗದ ಬಂದ ಮೇಲೂ ಪಿಯಾಜೆಗೆ ಆ ಚಿತ್ರ ಮನಸ್ಸಿನಿಂದ ಹೋಗಲಿಲ್ಲ. ಮನೆಯ ಕಥೆಗಳನ್ನು ಹೇಳುವುದನ್ನು ಇದಕ್ಕೆ ಹೆದರಿ ನಿಲ್ಲಿಸಬೇಡಿ. ಹಳೆಯ ಸಂಗತಿಗಳನ್ನು ಮಕ್ಕಳ ಜೊತೆ ವಿವರವಾಗಿ ಮಾತಾಡುವ ಮನೆಗಳ ಮಕ್ಕಳು ತಮ್ಮ ಅನುಭವವನ್ನೂ ಚೆನ್ನಾಗಿ ನೆನಪಿಟ್ಟು ಹೇಳುತ್ತಾರೆ ಅಂತ ರಾಬಿನ್ ಫೈವಶ್, ಎಲೇನ್ ರೀಸ್ ಮೊದಲಾದವರ ಸಂಶೋಧನೆ ತೋರಿಸಿದೆ. ಅವಳಿಗೇ ಆದ ಕಥೆಗಳನ್ನೂ ಅಷ್ಟೇ ಉತ್ಸಾಹದಿಂದ ಹೇಳಿ. ಅಣ್ಣನ ಕಥೆ ಮನೆಯಲ್ಲಿ ಅಷ್ಟು ಮೆರೆಯುವಾಗ ತನಗೂ ಒಂದು ಬೇಕು ಅನ್ನಿಸುವುದು ಸಹಜ.

ನಿಮ್ಹಾನ್ಸಿನ ಪ್ರಶ್ನೆಗೆ ಉತ್ತರ: ಪರಿಷೆಯ ಕಥೆಗಾಗಿ ಬೇಡ. ವ್ಯಾನ್ ಹತ್ತಲು ಹಟ ಮಾಡುವುದು, ಸ್ಕೂಲಿರುವ ದಿನ ಬೆಳಿಗ್ಗೆ ಮಾತ್ರ ಹೊಟ್ಟೆನೋವು, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವುದು ಮತ್ತೆ ಶುರುವಾಗುವುದು, ರಾತ್ರಿ ಬೆಚ್ಚಿ ಏಳುವುದು, ಆಟ ಬಿಟ್ಟು ಮಂಕಾಗುವುದು, ಇವು ಕಂಡರೆ ಮಕ್ಕಳ ಮನೋವೈದ್ಯರಿಗೆ ತೋರಿಸಿ. ನಿಮ್ಹಾನ್ಸಿನಲ್ಲಿ ಮಕ್ಕಳಿಗೆಂದೇ ಪ್ರತ್ಯೇಕ ವಿಭಾಗವಿದೆ. ಹೋಗುವ ಮೊದಲು ಫೋನಿನಲ್ಲಿ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಡಾಕ್ಟರ ಹತ್ತಿರ ಹೋಗುವಾಗ ನೀವು ಬರೆದಿಟ್ಟ ಹಾಳೆ ತೆಗೆದುಕೊಂಡು ಹೋಗಿ, ದಾರಿಯಲ್ಲಿ "ಅಲ್ಲಿ ಏನು ಹೇಳಬೇಕು ಗೊತ್ತಲ್ಲ" ಅಂತ ಅವಳಿಗೆ ಪಾಠ ಹೇಳಿಕೊಡಬೇಡಿ.